ಮಾರಾಟಕ್ಕೆ ಬಂದ ರಷ್ಯನ್ ನಿಸರ್ಗಚಿತ್ರ: ಕೊಳ್ಳುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಹರಾಜಿನ ಪಟ್ಟಿಯಲ್ಲಿ ಪೈನ್ ಮರಗಳ ನಡುವೆ ಹರಿಯುವ ತೊರೆಯೊಂದನ್ನು ಕಂಡು, ಕೆಳಗೆ ‘ಇವಾನ್ ಶಿಶ್ಕಿನ್’ ಎಂದು ಓದಿ, ರಾತ್ರಿಯೆಲ್ಲ ನಿದ್ದೆ ಬಾರದೆ ಬೆಳಗ್ಗೆ ಫೋನ್ ಮಾಡುವವರಿದ್ದಾರೆ. ಲಂಡನ್, ಬರ್ಲಿನ್ ಕಡೆ ನೆಲೆಸಿದ ಕನ್ನಡಿಗರು ಕೇಳುತ್ತಾರೆ. ಸೋವಿಯತ್ ಕಾಲದಲ್ಲಿ ಮಾಸ್ಕೋದಲ್ಲಿ ಓದಿ ಬಂದ ದೊಡ್ಡಪ್ಪನ ಮನೆಯ ಗೋಡೆಯಿಂದ ಇಳಿಸಿದ ಚಿತ್ರಕ್ಕೆ ಎಷ್ಟು ಬಂದೀತು ಎಂದು ಮೈಸೂರಿನಿಂದಲೂ ಕೇಳುತ್ತಾರೆ. ಹಲವು ವರ್ಷಗಳಿಂದ ಈ ಚಿತ್ರಗಳ ಬೆನ್ನು ಹತ್ತಿರುವ ನನಗೆ ಇವು ಹಣದ ಲೆಕ್ಕಕ್ಕಿಂತ ದೊಡ್ಡವು. ಆದರೂ ಹೆಸರೊಂದನ್ನೇ ನಂಬಿ ಹಣ ಕಳೆದುಕೊಂಡವರ ಮುಖ ನೋಡಿದ್ದೇನೆ. ಆದ್ದರಿಂದ ಬಿಡಿಬಿಡಿಯಾಗಿ ಹೇಳುತ್ತ ಬಂದ ಉತ್ತರಗಳನ್ನು ಒಂದೆಡೆ ಸೇರಿಸಿ ಬರೆಯುತ್ತಿದ್ದೇನೆ.

ಹತ್ತೊಂಬತ್ತನೆಯ ಶತಮಾನದ ರಷ್ಯನ್ ನಿಸರ್ಗಚಿತ್ರ ಎಂದಾಗ ಯಾರ ಹೆಸರುಗಳು ಬರುತ್ತವೆ?

ಮಾರುಕಟ್ಟೆಯಲ್ಲಿ ಮತ್ತೆ ಮತ್ತೆ ಕೇಳಿಬರುವವು ಐದಾರು ಹೆಸರು. ಕಡಲನ್ನೇ ಬದುಕಾಗಿಸಿಕೊಂಡ ಇವಾನ್ ಐವಜೋವ್ಸ್ಕಿ (1817–1900), ಕಾಡಿನ ಚಿತ್ರಕಾರ ಇವಾನ್ ಶಿಶ್ಕಿನ್ (1832–1898), ಅಲೆಕ್ಸೇಯ್ ಸವ್ರಾಸೊವ್ (1830–1897), ಬೆಳಕಿನ ಮಾಂತ್ರಿಕ ಅರ್ಖೀಪ್ ಕುಯಿಂಜಿ, ವಸೀಲಿ ಪೊಲೆನೊವ್, ಮತ್ತು ನಲವತ್ತು ತುಂಬುವ ಮೊದಲೇ ತೀರಿಕೊಂಡ ಐಸಾಕ್ ಲೆವಿಟಾನ್ (1860–1900). ಇವರಲ್ಲಿ ಹೆಚ್ಚಿನವರಿಗೆ ‘ಪೆರೆದ್ವಿಜ್ನಿಕಿ’ ಎಂಬ ಬಳಗದ ನಂಟಿದೆ. 1863ರಲ್ಲಿ ಹದಿನಾಲ್ಕು ಮಂದಿ ವಿದ್ಯಾರ್ಥಿಗಳು ಸೇಂಟ್ ಪೀಟರ್ಸ್‌ಬರ್ಗ್‌ನ ಸಾಮ್ರಾಜ್ಯಶಾಹಿ ಕಲಾ ಅಕಾಡೆಮಿ ಕೊಟ್ಟ ಪುರಾಣದ ವಸ್ತುವನ್ನು ಚಿತ್ರಿಸಲು ಒಪ್ಪದೆ ಹೊರನಡೆದರು. ಆ ಬಂಡಾಯದ ಕಾವಿನಲ್ಲಿಯೇ 1870ರಲ್ಲಿ ಊರೂರಿಗೆ ಚಿತ್ರಗಳನ್ನು ಕೊಂಡೊಯ್ದು ತೋರಿಸುವ ಸಂಘ ಹುಟ್ಟಿತು. ಪೆರೆದ್ವಿಜ್ನಿಕಿ ಎಂದರೆ ಸಂಚಾರಿಗಳು.

ಅವರ ಮೊದಲ ಪ್ರದರ್ಶನ 1871ರಲ್ಲಿ ನಡೆಯಿತು. ಅಲ್ಲಿದ್ದ ಸವ್ರಾಸೊವ್‌ನ ‘ಕಾಗೆಗಳು ಮರಳಿ ಬಂದವು’ ಚಿತ್ರದ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ಅಳತೆ 62 ಸೆಂಟಿಮೀಟರ್ ಎತ್ತರ, 48.5 ಸೆಂಟಿಮೀಟರ್ ಅಗಲ. ನಮ್ಮ ಮನೆಯ ದೇವರ ಪಟಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೆ. ಕೊಸ್ತ್ರೊಮಾ ಕಡೆಯ ಮೊಲ್ವಿತಿನೊ ಎಂಬ ಹಳ್ಳಿ. ಮುಂದುಗಡೆ ಸೊಟ್ಟಪಟ್ಟ ಬರ್ಚ್ ಮರಗಳು, ಅವುಗಳ ತುದಿಯಲ್ಲಿ ಗೂಡು ಕಟ್ಟುತ್ತಿರುವ ಕಪ್ಪು ಹಕ್ಕಿಗಳು. ಕೆಳಗೆ ಕೊಳಕಾಗಿ ಕರಗುತ್ತಿರುವ ಹಿಮ. ಹಿಂದೆ ಬೇಲಿ, ಅದರಾಚೆ ಚರ್ಚಿನ ಗೋಪುರ, ಇನ್ನೂ ಆಚೆ ಒದ್ದೆ ಬಯಲು. ಹಿಮದ ಮೇಲೆ ಒಂದು ಹಕ್ಕಿ ಕೊಕ್ಕಿನಲ್ಲಿ ಕಡ್ಡಿ ಕಚ್ಚಿಕೊಂಡು ನಿಂತಿದೆ. ಅರಮನೆಯಿಲ್ಲ, ಸೂರ್ಯಾಸ್ತದ ವೈಭವವಿಲ್ಲ. ಮುಂಗಾರಿನ ಮೊದಲ ಮಳೆಗೆ ಮಣ್ಣು ಘಮ್ಮೆಂದಾಗ ನಮಗೆ ಏನಾಗುತ್ತದೆಯೋ, ಚಳಿಗಾಲ ಬಿಡುವ ಆ ಗಳಿಗೆಯಲ್ಲಿ ಅಲ್ಲಿನವರಿಗೆ ಅದೇ ಆಗುತ್ತದೆ. ರಷ್ಯನ್ ನಿಸರ್ಗಚಿತ್ರ ಇಟಲಿಯ ಕಡೆ ನೋಡುವುದನ್ನು ಬಿಟ್ಟು ತನ್ನ ಹಿತ್ತಲನ್ನು ನೋಡಲು ಕಲಿತದ್ದು ಇಂಥ ಚಿತ್ರಗಳಿಂದ.

ಲೆವಿಟಾನ್ ಇದೇ ಸವ್ರಾಸೊವ್‌ನ ಶಿಷ್ಯ. ಸೈಬೀರಿಯಕ್ಕೆ ಕೈದಿಗಳನ್ನು ನಡೆಸಿಕೊಂಡು ಹೋಗುತ್ತಿದ್ದ ರಸ್ತೆಯನ್ನು ಅವನು 1892ರಲ್ಲಿ ‘ವ್ಲದಿಮಿರ್ಕಾ’ ಎಂದು ಚಿತ್ರಿಸಿದ. ಚಿತ್ರದಲ್ಲಿ ಕೈದಿಗಳೇ ಇಲ್ಲ. ಬರಿಯ ದಾರಿ, ಅದರ ಪಕ್ಕ ಸವೆದ ಕಾಲುಹಾದಿಗಳು, ಮೋಡ ಕವಿದ ಆಕಾಶ.

ಇವರನ್ನೆಲ್ಲ ರಷ್ಯನ್ ಎನ್ನುವುದು ಸರಿಯೇ?

ಈ ಪ್ರಶ್ನೆ ಈಚೆಗೆ ಜೋರಾಗಿದೆ, ಜೋರಾಗಬೇಕಾದದ್ದೇ. ಕುಯಿಂಜಿ ಹುಟ್ಟಿದ್ದು ಇಂದಿನ ಉಕ್ರೇನಿನ ಮಾರಿಯುಪೋಲ್‌ನಲ್ಲಿ, ಗ್ರೀಕ್ ಮೂಲದ ಕುಟುಂಬದಲ್ಲಿ. ಐವಜೋವ್ಸ್ಕಿ ಕ್ರಿಮಿಯಾದ ಫಿಯೊದೋಸಿಯದಲ್ಲಿ ಹುಟ್ಟಿದ ಅರ್ಮೇನಿಯನ್. ಲೆವಿಟಾನ್ ಇಂದಿನ ಲಿಥುವೇನಿಯದ ಯಹೂದಿ ಕುಟುಂಬದವನು. ಎಲ್ಲರೂ ಆಗಿನ ರಷ್ಯನ್ ಸಾಮ್ರಾಜ್ಯದ ಪ್ರಜೆಗಳಾಗಿದ್ದರಿಂದ ಒಂದೇ ಚೀಟಿ ಅಂಟಿಕೊಂಡಿತು. 2023ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯ ಕುಯಿಂಜಿಯ ವಿವರವನ್ನು ಉಕ್ರೇನಿನವನೆಂದು ಬದಲಿಸಿತು. ಐವಜೋವ್ಸ್ಕಿಯ ವಿವರವನ್ನೂ ತಿದ್ದಿತು. ಕೊಳ್ಳುವವರಿಗೆ ಇದರಿಂದ ಆಗುವ ಉಪಯೋಗ ನೇರವಾದದ್ದು: ಒಬ್ಬನೇ ಕಲಾವಿದ ಬೇರೆ ಬೇರೆ ಹರಾಜಿನ ಪಟ್ಟಿಗಳಲ್ಲಿ ಬೇರೆ ಬೇರೆ ದೇಶದ ಹೆಸರಿನಡಿ ಸಿಗುತ್ತಾನೆ. ಹುಡುಕುವಾಗ ಒಂದೇ ಪಟ್ಟಿಗೆ ಅಂಟಿಕೊಳ್ಳಬೇಡಿ. ನನ್ನ ಮಟ್ಟಿಗೆ, ಹುಟ್ಟೂರು, ಜನಾಂಗ, ಕಲಿತ ಶಾಲೆ ಮೂರನ್ನೂ ಹೇಳುವುದೇ ನ್ಯಾಯ.

ನಮ್ಮ ಮನೆಯಲ್ಲಿ ಕರಡಿಮರಿಗಳು ಬಿದ್ದ ಮರದ ಮೇಲೆ ಆಡುವ ಚಿತ್ರವಿದೆ. ಇದು ಮೂಲವೇ?

ಅಲ್ಲ. ಅದು ಶಿಶ್ಕಿನ್‌ನ ‘ಪೈನ್ ಕಾಡಿನಲ್ಲಿ ಮುಂಜಾವು’. 1889ರ ಕೃತಿ, 139 ಸೆಂಟಿಮೀಟರ್ ಎತ್ತರ, 213 ಸೆಂಟಿಮೀಟರ್ ಅಗಲ. ಮಾಸ್ಕೋದ ತ್ರೆತ್ಯಕೋವ್ ಗ್ಯಾಲರಿಯಲ್ಲಿದೆ, ಅಲ್ಲಿಂದ ಮಾರಾಟಕ್ಕೆ ಬರುವುದಿಲ್ಲ. ರಷ್ಯದ ಚಾಕೊಲೇಟಿನ ಹೊದಿಕೆಯ ಮೇಲೂ ಬಂದ ಚಿತ್ರ ಇದು. ಸೋವಿಯತ್ ಕಾಲದಲ್ಲಿ ಇದರ ಮುದ್ರಿತ ಪ್ರತಿಗಳು ಮನೆಮನೆಗೂ ಹೋಗಿದ್ದವು. ಅಲ್ಲಿಂದ ಬರುತ್ತಿದ್ದ ನುಣುಪು ಹಾಳೆಯ ಪತ್ರಿಕೆಗಳಿಂದ ಹಾಳೆ ಕಿತ್ತು ಶಾಲೆಯ ಪುಸ್ತಕಕ್ಕೆ ಹೊದಿಕೆ ಹಾಕಿದ ಪೀಳಿಗೆ ನಮ್ಮದು; ಈ ಕಾಡುಗಳನ್ನು ನಾನು ಮೊದಲು ಕಂಡದ್ದು ನನ್ನ ಗಣಿತದ ಪುಸ್ತಕದ ಮೇಲೆ.

ಮನೆಯಲ್ಲಿರುವುದು ಮುದ್ರಣವೇ ಕೈಯಲ್ಲಿ ಬರೆದ ನಕಲೇ ಎಂದು ತಿಳಿಯಲು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಸಾಕು. ಬಣ್ಣ ಸಾಲುಸಾಲು ಚುಕ್ಕಿಗಳಾಗಿ ಒಡೆದರೆ ಅದು ಮುದ್ರಣ. ಕುಂಚದ ಗೆರೆ, ಬಣ್ಣದ ದಪ್ಪ ಕಂಡರೆ ಕೈಯಲ್ಲಿ ಬರೆದ ನಕಲು. ಅಂಥ ನಕಲುಗಳನ್ನು ಸೋವಿಯತ್ ಚಿತ್ರಕಾರರು ಪ್ರಾಮಾಣಿಕವಾಗಿ ನಕಲೆಂದೇ ಹೇಳಿ ಬರೆಯುತ್ತಿದ್ದರು. ದೊಡ್ಡಪ್ಪ ತಂದದ್ದು ಅದೇ ಆಗಿದ್ದರೆ ಸಂತೋಷದಿಂದ ಗೋಡೆಯ ಮೇಲೇ ಇರಲಿ.

ಆ ಚಿತ್ರದ ಕರಡಿಗಳನ್ನು ಬರೆದವನು ಶಿಶ್ಕಿನ್ ಅಲ್ಲ, ಅವನ ಗೆಳೆಯ ಕಾನ್‌ಸ್ತಂತೀನ್ ಸವೀತ್ಸ್ಕಿ. ಇಬ್ಬರೂ ಸಹಿ ಹಾಕಿದ್ದರು. ಕೊಂಡವನಾದ ವರ್ತಕ ಪಾವೆಲ್ ತ್ರೆತ್ಯಕೋವ್ ಸವೀತ್ಸ್ಕಿಯ ಸಹಿಯನ್ನು ಅಳಿಸಿಹಾಕಿದ. ಇಷ್ಟು ಪ್ರಸಿದ್ಧ ಚಿತ್ರದಲ್ಲೂ ಸಹಿ ಎಂಬುದು ಅಳಿಸಬಹುದಾದ, ಹಾಗೆಯೇ ಸೇರಿಸಬಹುದಾದ ಒಂದು ಬಣ್ಣದ ಗೀಟು. ಮುಂದಿನ ಉತ್ತರ ಓದುವಾಗ ಇದು ನೆನಪಿರಲಿ.

ಚಿತ್ರದ ಮೂಲೆಯಲ್ಲಿ ಶಿಶ್ಕಿನ್‌ನ ಸಹಿ ಸ್ಪಷ್ಟವಾಗಿದೆ. ಅಷ್ಟು ಸಾಲದೇ?

ಸಾಲದು. 2004ರಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಶಿಶ್ಕಿನ್‌ನದೆಂದು ಒಂದು ಚಿತ್ರ ಪಟ್ಟಿಯಾಯಿತು: ‘ತೊರೆಯಿರುವ ನಿಸರ್ಗದೃಶ್ಯ’. ಅಂದಾಜು ಬೆಲೆ ಏಳು ಲಕ್ಷ ಪೌಂಡ್‌ವರೆಗೆ ಹೇಳಲಾಗಿತ್ತು. ಸಹಿ ಇತ್ತು, ತಜ್ಞರ ಒಪ್ಪಿಗೆಯೂ ಇತ್ತು. ಹರಾಜಿಗೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಚಿತ್ರವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಅದೇ ಕ್ಯಾನ್ವಾಸ್ ಸ್ವೀಡನ್ನಿನ ಹರಾಜೊಂದರಲ್ಲಿ ಸುಮಾರು 65,000 ಡಾಲರಿಗೆ ಮಾರಾಟವಾಗಿತ್ತು, ಡಚ್ ಚಿತ್ರಕಾರ ಮರಿನಸ್ ಕೂಕ್‌ಕೂಕ್‌ನ ಹೆಸರಿನಲ್ಲಿ. ನಡುವಿನ ತಿಂಗಳುಗಳಲ್ಲಿ ಯಾರೋ ಕೆಲವು ವಿವರಗಳನ್ನು ಅಳಿಸಿ, ಮೂಲೆಯಲ್ಲಿ ಶಿಶ್ಕಿನ್‌ನ ಹೆಸರು ಬರೆದಿದ್ದರು. ಬೆಲೆ ಹತ್ತು ಪಟ್ಟಿಗೂ ಮೀರಿ ಏರಿತು.

ಯಾರೂ ಸುಮ್ಮನೆ ಶಿಶ್ಕಿನ್‌ನನ್ನು ಆರಿಸಿಕೊಂಡದ್ದಲ್ಲ. ಅವನು 1860ರ ದಶಕದಲ್ಲಿ ಮ್ಯೂನಿಕ್, ಜ್ಯೂರಿಕ್, ಡ್ಯುಸೆಲ್ಡಾರ್ಫ್ ಸುತ್ತಿ ಅಲ್ಲಿನ ನಿಸರ್ಗಚಿತ್ರದ ಪದ್ಧತಿಯನ್ನು ಕಲಿತವನು. ಎಲೆ ಎಲೆಯನ್ನೂ ಬಿಡಿಸುವ, ಮರದ ತೊಗಟೆಯನ್ನು ಕೈಯಿಂದ ಮುಟ್ಟಿದಂತೆ ತೋರಿಸುವ ಆ ರೀತಿ ಆಗಿನ ಜರ್ಮನ್, ಡಚ್, ಡೇನಿಷ್ ಚಿತ್ರಕಾರರಲ್ಲೂ ಇತ್ತು. ಹಾಗಾಗಿ ಐರೋಪ್ಯ ಹರಾಜುಗಳಲ್ಲಿ ಅಗ್ಗಕ್ಕೆ ಸಿಗುವ ಅಪ್ಪಟ ಹತ್ತೊಂಬತ್ತನೆಯ ಶತಮಾನದ ಚಿತ್ರವನ್ನು ಕೊಂಡು, ಅದರ ಊರು ಹೇಳುವ ಗುರುತುಗಳನ್ನು ಒರೆಸಿ, ರಷ್ಯನ್ ಸಹಿ ಹಾಕಿದರೆ ಕ್ಯಾನ್ವಾಸ್ ಹಳೆಯದೇ, ಬಣ್ಣ ಹಳೆಯದೇ, ಬಿರುಕು ಹಳೆಯವೇ. ಸುಳ್ಳು ಇರುವುದು ಮೂಲೆಯಲ್ಲಿ ಮಾತ್ರ. ರಷ್ಯದ ಹೊಸ ಶ್ರೀಮಂತರು ತಮ್ಮ ನಾಡಿನ ಚಿತ್ರಗಳನ್ನು ಎಷ್ಟು ಕೊಟ್ಟಾದರೂ ಕೊಳ್ಳುತ್ತಿದ್ದ ಆ ವರ್ಷಗಳಲ್ಲಿ ಈ ದಂಧೆ ಎಷ್ಟು ಬೆಳೆಯಿತೆಂದರೆ, ಹೀಗೆ ವೇಷ ಬದಲಿಸಿದ ಐರೋಪ್ಯ ಚಿತ್ರಗಳ ಪಟ್ಟಿಯನ್ನು ಪುಸ್ತಕಗಳಾಗಿ ರಷ್ಯದಲ್ಲಿ ಸರ್ಕಾರವೇ ಪ್ರಕಟಿಸಬೇಕಾಯಿತು.

ನನಗೆ ಇದರಲ್ಲಿ ಹೆಚ್ಚು ನೋವು ಕೊಡುವುದು ಹಣದ ಮೋಸವಲ್ಲ. ಒಬ್ಬ ಡಚ್ ಕಲಾವಿದ ತನ್ನ ಹೊಲ, ತೊರೆ, ಜನರನ್ನು ಮನಸ್ಸಿಟ್ಟು ಬರೆದಿದ್ದ. ಅವನ ಚಿತ್ರವನ್ನೂ ಹೆಸರನ್ನೂ ಒಟ್ಟಿಗೇ ಕೊಂದರು.

ಸಹಿಯನ್ನು ಆಮೇಲೆ ಸೇರಿಸಿದ್ದಾರೆ ಎಂದು ಕಂಡುಹಿಡಿಯುವುದು ಹೇಗೆ?

ಮೊದಲು ಕಣ್ಣು, ಆಮೇಲೆ ಯಂತ್ರ. ಎಣ್ಣೆಬಣ್ಣ ಒಣಗಿ ಹತ್ತಾರು ವರ್ಷಗಳಲ್ಲಿ ಸಣ್ಣ ಬಿರುಕುಗಳು ಹಬ್ಬುತ್ತವೆ, ಬೇಸಿಗೆಯ ಕೆರೆಯ ತಳದಂತೆ. ಕಲಾವಿದನೇ ಹಾಕಿದ ಸಹಿ ಆ ಬಿರುಕಿನ ಜೊತೆಗೆ ತಾನೂ ಒಡೆದಿರುತ್ತದೆ. ಮುಂದೆ ಯಾರೋ ಬರೆದ ಸಹಿಯ ಬಣ್ಣ ಬಿರುಕಿನ ಒಳಗೆ ಇಳಿದಿರುತ್ತದೆ, ಇಲ್ಲವೇ ಬಿರುಕನ್ನು ಸೇತುವೆಯಂತೆ ದಾಟಿರುತ್ತದೆ. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರದ ಅಂಚನ್ನು ನೋಡಿ. ನಾನು ಮೊದಲ ಬಾರಿ ಹೀಗೆ ನೋಡಿದಾಗ, ಒಂದು ಅಕ್ಷರದ ಕಾಲು ಕೂದಲೆಳೆಯಷ್ಟು ಸಪೂರದ ಬಿರುಕಿನೊಳಗೆ ಶಾಯಿ ಹೀರಿದಂತೆ ಇಳಿದಿತ್ತು. ಮಾರುವವರ ಮಾತು ಆಮೇಲೆ ನನ್ನ ಕಿವಿಗೆ ಬೀಳಲಿಲ್ಲ.

ನೇರಳಾತೀತ ದೀಪದ ಕೆಳಗೆ ಹಳೆಯ ರಾಳದ ವಾರ್ನಿಷ್ ಮಬ್ಬು ಹಸಿರಾಗಿ ಹೊಳೆಯುತ್ತದೆ, ಅದರ ಮೇಲೆ ಈಚೆಗೆ ಮುಟ್ಟಿದ ಜಾಗಗಳು ಕಪ್ಪು ಕಲೆಗಳಾಗಿ ಕಾಣುತ್ತವೆ. ಸಹಿಯೇ ಕಪ್ಪಾಗಿ ಕಂಡರೆ ಕೊಳ್ಳುವ ಮಾತು ಅಲ್ಲಿಗೇ ನಿಲ್ಲಬೇಕು. ಮೋಸಗಾರರು ಇದನ್ನೂ ಬಲ್ಲರು. ಹೊಸ ಸಹಿಯ ಮೇಲೆ ಹೊಳೆಯುವ ವಾರ್ನಿಷ್ ಬಳಿದು ದೀಪವನ್ನೂ ಮೋಸಗೊಳಿಸುತ್ತಾರೆ. ಆದ್ದರಿಂದ ಒಂದೇ ಪರೀಕ್ಷೆಯನ್ನು ನಂಬಿ ಕೂರಬಾರದು.

ಅವಕೆಂಪು ಕಿರಣದ ಛಾಯಾಚಿತ್ರ ಬಣ್ಣದಡಿಯ ಕರಡು ರೇಖೆಗಳನ್ನು ತೋರಿಸುತ್ತದೆ. ಶಿಶ್ಕಿನ್ ಲೋಹದ ಫಲಕದ ಮೇಲೆ ಕೊರೆದು ಮುದ್ರಿಸುವ ಎಚಿಂಗ್ ಕಲೆಯಲ್ಲೂ ನಿಪುಣ, ರೇಖೆಯ ಮೇಲೆ ಹಿಡಿತವಿದ್ದವನು. ಅವನದೆನ್ನುವ ಚಿತ್ರದಡಿ ಎಂಥ ರೇಖೆಗಳಿವೆ ಎಂಬುದು ಬಹಳ ಹೇಳುತ್ತದೆ. ಇನ್ನು ಬಣ್ಣದ ರಸಾಯನ. ಟೈಟಾನಿಯಂ ಬಿಳಿ ಚಿತ್ರಕಾರರ ಕೈಗೆ ಬಂದದ್ದು ಇಪ್ಪತ್ತನೆಯ ಶತಮಾನದ ಎರಡು, ಮೂರನೆಯ ದಶಕಗಳಲ್ಲಿ. ಥ್ಯಾಲೊ ನೀಲಿ 1930ರ ದಶಕದಲ್ಲಿ. 1880ರ ಚಿತ್ರದ ಮೂಲ ಪದರದಲ್ಲಿ ಇವು ಸಿಕ್ಕರೆ ವಾದಕ್ಕೆ ಜಾಗವಿಲ್ಲ. ಸಿಗದಿದ್ದರೆ ಚಿತ್ರ ಹಳೆಯದು ಎಂದಷ್ಟೇ ಅರ್ಥ. ಬರೆದವರು ಯಾರೆಂದು ರಸಾಯನ ಹೇಳುವುದಿಲ್ಲ. ಕೂಕ್‌ಕೂಕ್‌ನ ಬಣ್ಣವೂ ಅದೇ ಕಾಲದ್ದು ತಾನೇ.

ಚಿತ್ರದ ಬೆನ್ನು ನೋಡಿ ಎನ್ನುತ್ತೀರಿ. ಅಲ್ಲೇನಿರುತ್ತದೆ?

ಮುಂದುಗಡೆಗಿಂತ ಬೆನ್ನು ಹೆಚ್ಚು ಮಾತಾಡುತ್ತದೆ. ಕ್ಯಾನ್ವಾಸ್ ಮಾರಿದ ಅಂಗಡಿಯ ಮುದ್ರೆ ಇರಬಹುದು. ಮಾಸ್ಕೋ, ಪೀಟರ್ಸ್‌ಬರ್ಗ್‌ಗಳಲ್ಲಿ ದಾತ್ಸಿಯಾರೊ ಅಂಗಡಿಯಂಥವು ಚಿತ್ರ ಸಾಮಗ್ರಿ ಮಾರುತ್ತಿದ್ದವು. ಪ್ರದರ್ಶನದ ಚೀಟಿ, ಸಂಗ್ರಹದ ಸಂಖ್ಯೆ, ಹಳೆಯ ಒಡೆಯರ ಮೇಣದ ಮುದ್ರೆ, ಸುಂಕದ ಕಟ್ಟೆಯ ಗುರುತು, ಹರಾಜಿನವರು ಸೀಮೆಸುಣ್ಣದಲ್ಲಿ ಬರೆದ ಅಂಕಿ ಎಲ್ಲವೂ ಅಲ್ಲಿರುತ್ತವೆ. ಕ್ಯಾನ್ವಾಸ್ ಬಿಗಿದ ಮರದ ಪಟ್ಟಿಗಳ ಬಣ್ಣ, ಮೊಳೆಗಳ ತುಕ್ಕು, ಮೊಳೆ ಕಿತ್ತು ಮತ್ತೆ ಹೊಡೆದ ತೂತುಗಳು ಕೂಡ ಸಾಕ್ಷಿಗಳೇ. ಹಳೆಯ ಕ್ಯಾನ್ವಾಸಿನ ಬೆನ್ನಿಗೆ ಹೊಸ ಬಟ್ಟೆ ಅಂಟಿಸಿದ್ದರೆ ಅದು ರಿಪೇರಿಗಾಗಿ ಇರಬಹುದು, ಮುಚ್ಚಿಡುವುದಕ್ಕಾಗಿಯೂ ಇರಬಹುದು. ಏಕೆಂದು ಕೇಳಿ.

ಅಕ್ಷರ ಬಲ್ಲವರಿಗೆ ಇನ್ನೊಂದು ಸುಳಿವು ಇದೆ. 1918ರಲ್ಲಿ ರಷ್ಯನ್ ಕಾಗುಣಿತ ಸುಧಾರಣೆಯಾಗಿ ಕೆಲವು ಅಕ್ಷರಗಳು ಬಳಕೆಯಿಂದ ಹೋದವು, ನಮ್ಮಲ್ಲಿ ಱ, ೞ ಹೋದ ಹಾಗೆ. ಅದಕ್ಕೂ ಮೊದಲು ವ್ಯಂಜನದಿಂದ ಮುಗಿಯುವ ಪದದ ಕೊನೆಗೆ ಉಚ್ಚಾರವಿಲ್ಲದ ಒಂದು ‘ಗಡಸು ಚಿಹ್ನೆ’ ಬರೆಯುವ ರೂಢಿಯಿತ್ತು. ತ್ಸಾರ್ ಕಾಲದ ಪ್ರದರ್ಶನದ ಅಚ್ಚಿನ ಚೀಟಿ ಎಂದು ತೋರಿಸಿದ್ದರಲ್ಲಿ ಹೊಸ ಕಾಗುಣಿತವಿದ್ದರೆ ಚೀಟಿ ಸುಳ್ಳು. ಕೈಬರಹದ ಸಹಿಯಲ್ಲಿ ಮಾತ್ರ ಇದನ್ನು ಗಟ್ಟಿ ನಿಯಮವಾಗಿ ಹಿಡಿಯಬೇಡಿ, ಅವಸರದಲ್ಲಿ ಆ ಚಿಹ್ನೆಯನ್ನು ಬಿಡುವವರಿದ್ದರು.

ಪಟ್ಟಿಯಲ್ಲಿ ಕಲಾವಿದನ ಹೆಸರಿನ ಮುಂದೆ ಏನೇನೋ ಪದಗಳಿರುತ್ತವೆ. ಅವುಗಳ ಅರ್ಥವೇನು?

ಬೆಲೆಯೆಲ್ಲ ಅಡಗಿರುವುದು ಆ ಪದಗಳಲ್ಲೇ. ಹೆಸರು ಒಂದೇ ಇದ್ದರೆ, ಚಿತ್ರ ಅವನದೇ ಎಂದು ಹರಾಜು ಸಂಸ್ಥೆ ಹೇಳುತ್ತಿದೆ. ‘ಅಟ್ರಿಬ್ಯೂಟೆಡ್ ಟು’ ಎಂದರೆ ಅವನದಿರಬಹುದು, ಖಚಿತವಿಲ್ಲ. ‘ಸ್ಟುಡಿಯೊ ಆಫ್’ ಎಂದರೆ ಅವನ ಕಾರ್ಯಾಗಾರದಲ್ಲಿ ಬೇರೊಬ್ಬರ ಕೈ. ‘ಸರ್ಕಲ್ ಆಫ್’ ಎಂದರೆ ಅವನ ಕಾಲದ, ಅವನ ಆಸುಪಾಸಿನ ಯಾರೋ. ‘ಮ್ಯಾನರ್ ಆಫ್’ ಎಂದರೆ ಅವನ ಶೈಲಿಯಲ್ಲಿ, ಬಹುಪಾಲು ಮುಂದಿನ ಕಾಲದಲ್ಲಿ ಬರೆದದ್ದು. ‘ಆಫ್ಟರ್’ ಎಂದರೆ ನಕಲು.

ಎಲ್ಲಕ್ಕಿಂತ ನುಣುಪಾದ ವ್ಯತ್ಯಾಸ ಸಹಿಯ ಬಗ್ಗೆ. ‘ಸೈನ್ಡ್’ ಎಂದಿದ್ದರೆ ಕಲಾವಿದನೇ ಸಹಿ ಮಾಡಿದ್ದಾನೆ ಎಂಬುದು ಸಂಸ್ಥೆಯ ಅಭಿಪ್ರಾಯ. ‘ಬೇರ್ಸ್ ಸಿಗ್ನೇಚರ್’ ಎಂದಿದ್ದರೆ, ಸಹಿ ಕಾಣುತ್ತದೆ, ಹಾಕಿದವರು ಬೇರೆ ಎಂದು ಅವರೇ ಒಪ್ಪಿಕೊಂಡ ಹಾಗೆ. ಈ ಎರಡನೆಯ ಸಾಲನ್ನು ಓದಿಯೂ ಸಂಭ್ರಮಪಟ್ಟು ಕೊಂಡವರನ್ನು ಬಲ್ಲೆ.

ಕಲಾವಿದನೇ ಒಂದೇ ಚಿತ್ರವನ್ನು ಮತ್ತೆ ಬರೆದದ್ದೂ ಉಂಟೇ?

ಉಂಟು, ಸಾಕಷ್ಟು. ಸವ್ರಾಸೊವ್‌ನ ಬದುಕಿನ ಕೊನೆಯ ಅಧ್ಯಾಯ ಇದೇ. 1882ರಲ್ಲಿ ಮಾಸ್ಕೋದ ಕಲಾಶಾಲೆಯಿಂದ ಅವನನ್ನು ಬಿಡಿಸಲಾಯಿತು. ಕುಡಿತ, ಬಡತನ, ಮಂಕಾಗುತ್ತಿದ್ದ ಕಣ್ಣು. ಹೊಟ್ಟೆಪಾಡಿಗಾಗಿ ತನ್ನ ಕಾಗೆಗಳನ್ನೇ ಮತ್ತೆ ಮತ್ತೆ ಬರೆದು ಕೊಟ್ಟ. ಇವು ಅವನ ಕೈಯವೇ ಆದರೂ 1871ರ ಆ ಒದ್ದೆ ಗಾಳಿ ಎಲ್ಲದರಲ್ಲೂ ಇಲ್ಲ. ಬೆಲೆಯೂ ಅದಕ್ಕೆ ತಕ್ಕಂತೆ. ಅವನ ಕೈಯ ಮರುಚಿತ್ರಕ್ಕೂ ಬೇರೊಬ್ಬರ ನಕಲಿಗೂ ನಡುವಿನ ಗೆರೆ ಎಳೆಯುವುದು ಈ ಕ್ಷೇತ್ರದ ಅತಿ ಕಷ್ಟದ ಕೆಲಸಗಳಲ್ಲೊಂದು.

ಐವಜೋವ್ಸ್ಕಿಯ ಕಥೆ ಬೇರೆ. ಅವನು ಸುಮಾರು 6,000 ಚಿತ್ರ ಬರೆದನೆಂದು ಲೆಕ್ಕ. ಇಷ್ಟೊಂದು ಬರೆದವನ ಹೆಸರಿನಲ್ಲಿ ಇನ್ನೊಂದು ಹೊಸದಾಗಿ ‘ಸಿಕ್ಕಿತು’ ಎಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಖೋಟಾ ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು?

ಮಾರುವವರ ಬಳಿ ಪ್ರಮಾಣಪತ್ರವಿದೆ. ನಂಬಬಹುದೇ?

ಯಾರು ಕೊಟ್ಟದ್ದು, ಯಾವ ವರ್ಷ, ಯಾವ ಪರೀಕ್ಷೆಯ ಆಧಾರದ ಮೇಲೆ ಎಂದು ನೋಡಿ. 2004ರ ಆ ಚಿತ್ರಕ್ಕೂ ದೊಡ್ಡ ಕಡೆಯಿಂದಲೇ ಒಪ್ಪಿಗೆ ಸಿಕ್ಕಿತ್ತು. ಅಂಥ ಪ್ರಕರಣಗಳ ಬಳಿಕ ರಷ್ಯದ ಸರ್ಕಾರಿ ವಸ್ತುಸಂಗ್ರಹಾಲಯಗಳು ಖಾಸಗಿಯವರಿಗೆ ಹಣ ಪಡೆದು ಪ್ರಮಾಣಪತ್ರ ಕೊಡುವುದಕ್ಕೆ ತಡೆ ಬಿತ್ತು. ಹಾಗಾಗಿ ಹಳೆಯ ಕಾಗದವಿದ್ದರೆ ಹೊಸ ಅಭಿಪ್ರಾಯ ಬೇಕೇ ಬೇಕು, ಅದೂ ಮಾರಾಟದಿಂದ ಲಾಭವಿಲ್ಲದವರಿಂದ.

ಪ್ರಮಾಣಪತ್ರಕ್ಕಿಂತ ಒಡೆತನದ ಸರಪಳಿ ಮುಖ್ಯ. ಬೆಂಗಳೂರಿನಲ್ಲಿ ನಿವೇಶನ ಕೊಳ್ಳುವವರು ತಾಯಿಪತ್ರ ಕೇಳುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ವಕೀಲರಿಗೆ ತೋರಿಸುತ್ತಾರೆ. ಚಿತ್ರಕ್ಕೂ ಅದೇ ಶ್ರದ್ಧೆ ಬೇಕು. ಕಲಾವಿದನ ಕೈಯಿಂದ ಯಾರಿಗೆ ಹೋಯಿತು, 1917ರ ಕ್ರಾಂತಿಯಲ್ಲಿ ಎಲ್ಲಿತ್ತು, ರಷ್ಯದಿಂದ ಯಾವಾಗ ಹೊರಬಂತು, ಎರಡನೆಯ ಮಹಾಯುದ್ಧದಲ್ಲಿ ಯಾರ ಮನೆಯಲ್ಲಿತ್ತು? ಸರಪಳಿ ಪೂರ್ತಿ ಸಿಗುವುದು ಅಪರೂಪ, ಒಂದೆರಡು ಕೊಂಡಿ ಕಳಚಿದ್ದರೆ ಗಾಬರಿ ಬೇಡ. ಆದರೆ ‘ಹೆಸರು ಹೇಳಲಿಚ್ಛಿಸದ ಐರೋಪ್ಯ ಕುಟುಂಬದ ಸಂಗ್ರಹ’ ಎಂಬ ಒಂದೇ ಸಾಲಿನ ಚರಿತ್ರೆಗೆ ಲಕ್ಷಗಟ್ಟಲೆ ಹಣ ಕೊಡಬೇಡಿ.

ಕದ್ದ ಚಿತ್ರವಲ್ಲ ಎಂದು ಹೇಗೆ ಖಾತ್ರಿ ಮಾಡಿಕೊಳ್ಳುವುದು?

ಲಂಡನ್ನಿನ ಆರ್ಟ್ ಲಾಸ್ ರಿಜಿಸ್ಟರ್ ಎಂಬ ಸಂಸ್ಥೆ ಕಳೆದುಹೋದ ಕಲಾಕೃತಿಗಳ ದಾಖಲೆ ಇಟ್ಟಿದೆ, ಶುಲ್ಕ ಪಡೆದು ಹುಡುಕಿ ಪತ್ರ ಕೊಡುತ್ತದೆ. ಇಂಟರ್‌ಪೋಲ್‌ನ ‘ಐಡಿ-ಆರ್ಟ್’ ಎಂಬ ಮೊಬೈಲ್ ಆ್ಯಪ್ ಉಚಿತ. ಚಿತ್ರದ ಫೋಟೊ ತೆಗೆದು ಕದ್ದ ಮಾಲಿನ ಪಟ್ಟಿಯೊಂದಿಗೆ ಹೋಲಿಸಬಹುದು. ಎರಡನ್ನೂ ಮಾಡಿ, ಫಲಿತಾಂಶವನ್ನು ಮುದ್ರಿಸಿ ಕಡತದಲ್ಲಿಡಿ.

ಇದು ಹಿಂದಿನ ಕಾಲದ ಭಯವಲ್ಲ. 2019ರ ಜನವರಿಯಲ್ಲಿ ತ್ರೆತ್ಯಕೋವ್ ಗ್ಯಾಲರಿಯಲ್ಲಿ ಜನ ನೋಡುತ್ತಿರುವಾಗಲೇ ಒಬ್ಬ ಕುಯಿಂಜಿಯ ‘ಐ-ಪೆತ್ರಿ, ಕ್ರಿಮಿಯಾ’ ಚಿತ್ರವನ್ನು ಗೋಡೆಯಿಂದ ಇಳಿಸಿಕೊಂಡು ಹೊರನಡೆದ. ಸಿಬ್ಬಂದಿಯೇ ಇರಬೇಕೆಂದು ಜನ ಸುಮ್ಮನಿದ್ದರು. ಮರುದಿನ ಅದು ಕಟ್ಟಡ ಕಾಮಗಾರಿಯ ಜಾಗವೊಂದರಲ್ಲಿ ಸಿಕ್ಕಿತು. 2022ರ ಯುದ್ಧದಲ್ಲಿ ನಡೆದದ್ದು ಅದಕ್ಕಿಂತ ಬಹಳ ದೊಡ್ಡದು. ಉಕ್ರೇನಿನ ಖೆರ್ಸಾನ್ ಕಲಾ ಸಂಗ್ರಹಾಲಯದಿಂದ ಸಾವಿರಾರು ಕೃತಿಗಳನ್ನು ರಷ್ಯನ್ ಪಡೆಗಳು ಹಿಂದೆ ಸರಿಯುವ ಮುನ್ನ ಸಾಗಿಸಲಾಯಿತು. ಮಾರಿಯುಪೋಲ್‌ನಲ್ಲಿ ಕುಯಿಂಜಿಯ ಹೆಸರಿನ ಸಂಗ್ರಹಾಲಯವೇ ಹಾನಿಗೊಂಡಿತು. ಈಚಿನ ವರ್ಷಗಳಲ್ಲಿ ಇದ್ದಕ್ಕಿದ್ದಂತೆ ಮಾರುಕಟ್ಟೆಗೆ ಬಂದ, ಹಿಂದಿನ ಗುರುತೇ ಇಲ್ಲದ ಚಿತ್ರವನ್ನು ಕಂಡರೆ ಎರಡು ಹೆಜ್ಜೆ ಹಿಂದಿಡಿ. ಯಾರದೋ ಊರಿನ ಗಾಯವನ್ನು ನಮ್ಮ ಗೋಡೆಗೆ ತೂಗುಹಾಕುವುದು ಬೇಡ.

ಬೆಲೆ ಎಷ್ಟಿರುತ್ತದೆ?

ಒಂದು ತುದಿಯ ಉದಾಹರಣೆ: ಐವಜೋವ್ಸ್ಕಿ 1856ರಲ್ಲಿ ಬರೆದ ಕಾನ್‌ಸ್ಟಾಂಟಿನೋಪಲ್ ಮತ್ತು ಬಾಸ್ಫರಸ್ ನೋಟ 2012ರಲ್ಲಿ ಲಂಡನ್ನಿನಲ್ಲಿ 32 ಲಕ್ಷ ಪೌಂಡ್‌ಗೆ ಮಾರಾಟವಾಯಿತು. ಅದು ಶಿಖರ. ಕಲಾವಿದರು ಬಯಲಿನಲ್ಲಿ ಕೂತು ಒಂದೆರಡು ಗಂಟೆಯಲ್ಲಿ ಬರೆದ ಪುಟ್ಟ ಅಭ್ಯಾಸಚಿತ್ರಗಳು, ರಷ್ಯನ್ನರು ‘ಎತ್ಯೂದ್’ ಎನ್ನುವವು, ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ. ನನಗೆ ಕೇಳಿದರೆ ಲೆವಿಟಾನ್‌ನ ಅಂಗೈಯಗಲದ ಎತ್ಯೂದ್ ಒಂದರಲ್ಲಿ ದೊಡ್ಡ ಕ್ಯಾನ್ವಾಸಿಗಿಂತ ಹೆಚ್ಚು ಉಸಿರಿದೆ. ಅಷ್ಟೇನೂ ಹೆಸರಾಗದ ಸಂಚಾರಿ ಚಿತ್ರಕಾರರ ಅಪ್ಪಟ ಕೃತಿಗಳೂ ಇವೆ. ದೊಡ್ಡ ಹೆಸರಿನ ಸಂಶಯದ ಚಿತ್ರಕ್ಕಿಂತ ಅವು ಸಾವಿರ ಪಾಲು ಮೇಲು.

ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆಯೇ ಕೊನೆಯಲ್ಲ. ಅದರ ಮೇಲೆ ಕೊಳ್ಳುವವರ ಪ್ರೀಮಿಯಂ ಎಂದು ಸಾಮಾನ್ಯವಾಗಿ ಕಾಲು ಭಾಗದಷ್ಟು ಸೇರುತ್ತದೆ. ತೆರಿಗೆ, ವಿಮೆ, ಸಾಗಣೆ, ಮರದ ಪೆಟ್ಟಿಗೆಯ ಖರ್ಚು ಬೇರೆ. ಕೈ ಎತ್ತುವ ಮೊದಲು ಇದನ್ನೆಲ್ಲ ಕೂಡಿಸಿ ನೋಡಿ.

ಯುದ್ಧ ಮತ್ತು ನಿರ್ಬಂಧಗಳಿಂದ ಏನು ಬದಲಾಗಿದೆ?

2022ರಲ್ಲಿ ಲಂಡನ್ನಿನ ದೊಡ್ಡ ಹರಾಜು ಸಂಸ್ಥೆಗಳು ವರ್ಷಕ್ಕೆ ಎರಡು ಬಾರಿ ನಡೆಸುತ್ತಿದ್ದ ರಷ್ಯನ್ ಕಲೆಯ ವಿಶೇಷ ಹರಾಜುಗಳನ್ನು ನಿಲ್ಲಿಸಿದವು. ಐರೋಪ್ಯ ಒಕ್ಕೂಟ 300 ಯೂರೊ ಮೀರಿದ ಕಲಾಕೃತಿಗಳನ್ನು ರಷ್ಯಕ್ಕೆ ಕಳುಹಿಸದಂತೆ ತಡೆಯಿತು. ಮಾರುವವರ ಹೆಸರು ನಿರ್ಬಂಧದ ಪಟ್ಟಿಯಲ್ಲಿದ್ದರೆ ಹಣ ಕೊಟ್ಟ ನೀವೂ ಸಿಕ್ಕಿಹಾಕಿಕೊಳ್ಳುತ್ತೀರಿ. ಇತ್ತ ರಷ್ಯದ ಕಾನೂನು ಕೂಡ ನೂರು ವರ್ಷ ದಾಟಿದ ಚಿತ್ರವನ್ನು ಅನುಮತಿಯಿಲ್ಲದೆ ಹೊರಗೆ ಬಿಡುವುದಿಲ್ಲ. ‘ಮಾಸ್ಕೋದಿಂದ ನೇರವಾಗಿ ಸೂಟ್‌ಕೇಸಿನಲ್ಲಿ ತಂದುಕೊಡುತ್ತೇವೆ’ ಎಂದವರ ಜೊತೆ ಮಾತು ಮುಂದುವರಿಸಬೇಡಿ.

ಕೊಂಡು ಕರ್ನಾಟಕಕ್ಕೆ ತರಬಹುದೇ? ಮುಂದೆ ವಿದೇಶದಲ್ಲಿ ಮಾರಬಹುದೇ?

ಸುಂಕ ಕಟ್ಟಿ ತರಬಹುದು. ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಕಸ್ಟಮ್ಸ್ ಸುಂಕ ಬೇರೆ. ತರಿಸುವ ಮೊದಲು ಕಸ್ಟಮ್ಸ್ ಏಜೆಂಟರಲ್ಲಿ ಆ ದಿನದ ದರ ಕೇಳಿ.

ಎರಡನೆಯ ಪ್ರಶ್ನೆಯೇ ಗಂಭೀರ. 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಚಿತ್ರ ಪುರಾತನ ವಸ್ತು. ಅದು ಭಾರತದಲ್ಲೇ ತಯಾರಾಗಿರಬೇಕು ಎಂಬ ಮಾತು ಆ ವ್ಯಾಖ್ಯೆಯಲ್ಲಿಲ್ಲ. ಪುರಾತನ ವಸ್ತುವನ್ನು ದೇಶದಿಂದ ಹೊರಗೆ ಕಳುಹಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ, ಅದು ನೇಮಿಸಿದ ಸಂಸ್ಥೆಗೆ ಮಾತ್ರ. ಲಂಡನ್ನಿನಲ್ಲಿರುವ ಕನ್ನಡಿಗರು ಚಿತ್ರ ಕೊಂಡು ಊರಿನ ಮನೆಗೆ ತಂದು, ಹತ್ತು ವರ್ಷದ ಮೇಲೆ ಮತ್ತೆ ಲಂಡನ್ನಿನಲ್ಲೇ ಮಾರೋಣ ಎಂದುಕೊಂಡರೆ ದಾರಿ ಮುಚ್ಚಿರಬಹುದು. ತರುವ ಮುನ್ನವೇ ವಕೀಲರನ್ನು ಕೇಳಿ, ತಂದರೆ ಆಮದಿನ ಕಾಗದಪತ್ರಗಳನ್ನು ಜೋಪಾನ ಮಾಡಿ.

ನಮ್ಮ ಹವೆಯಲ್ಲಿ ಎಣ್ಣೆಚಿತ್ರ ಉಳಿಯುತ್ತದೆಯೇ?

ಬೆಂಗಳೂರು, ಮೈಸೂರಿನಲ್ಲಿ ಕಾಳಜಿ ಮಾಡಿದರೆ ಉಳಿಯುತ್ತದೆ. ಕರಾವಳಿಯ ಮಳೆಗಾಲ ಕಷ್ಟ. ತೇವಾಂಶ ಶೇ 50ರ ಆಸುಪಾಸು ಏರಿಳಿತವಿಲ್ಲದೆ ಇರಬೇಕು. ಹಗಲು ಎಸಿ, ರಾತ್ರಿ ಬಂದ್ ಎಂಬ ಜೋಲಾಟ ತೇವಕ್ಕಿಂತ ಹೆಚ್ಚು ಕೆಡುಕು. ಹೊರಗೋಡೆಗೆ, ಸ್ನಾನದಮನೆಯ ಗೋಡೆಗೆ, ಬಿಸಿಲು ಬೀಳುವ ಕಡೆಗೆ ತೂಗುಹಾಕಬೇಡಿ. ದೀಪ, ಊದುಬತ್ತಿಯ ಹೊಗೆಯಿಂದ ದೂರವಿಡಿ. ಹಬ್ಬಕ್ಕೆ ಮನೆ ತೊಳೆಯುವಾಗ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಕೊಬ್ಬರಿ ಎಣ್ಣೆ ಸವರಿ ಹೊಳಪು ತರಿಸುವ ಉಪಾಯವೂ ಬೇಡ. ಬೂಷ್ಟು ಕಂಡರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಂಥ ತಿಳಿದವರ ಬಳಿಗೆ ಒಯ್ಯಿರಿ.

ಬಣ್ಣವೂ ತನ್ನಷ್ಟಕ್ಕೆ ಮುಪ್ಪಾಗುತ್ತದೆ. 1880ರಲ್ಲಿ ಕುಯಿಂಜಿ ಪೀಟರ್ಸ್‌ಬರ್ಗ್‌ನಲ್ಲಿ ಒಂದೇ ಒಂದು ಚಿತ್ರವನ್ನು, ‘ದ್ನೀಪರ್ ಮೇಲೆ ಬೆಳದಿಂಗಳ ರಾತ್ರಿ’ಯನ್ನು, ಕಿಟಕಿ ಮುಚ್ಚಿದ ಕೋಣೆಯಲ್ಲಿ ದೀಪದ ಬೆಳಕಿಗೆ ಇಟ್ಟು ತೋರಿಸಿದ. ಜನ ಸಾಲುಗಟ್ಟಿದರು. ಹಿಂದೆ ದೀಪ ಬಚ್ಚಿಟ್ಟಿದ್ದಾನೋ ಎಂದು ಬಗ್ಗಿ ನೋಡಿದವರಿದ್ದರು. ಅದನ್ನು ಕೊಂಡ ರಾಜಕುಮಾರ ಕಾನ್‌ಸ್ತಂತೀನ್ ಕಾನ್‌ಸ್ತಂತೀನೊವಿಚ್ ಬಿಟ್ಟಿರಲಾರದೆ ಸಮುದ್ರಯಾನಕ್ಕೂ ಹಡಗಿನಲ್ಲಿ ಒಯ್ದ. ಉಪ್ಪುಗಾಳಿ ಮತ್ತು ಕುಯಿಂಜಿಯ ಪ್ರಯೋಗದ ಬಣ್ಣಗಳು ಸೇರಿ ಚಿತ್ರ ಕಪ್ಪಾಗುತ್ತ ಬಂತು. ಅಂದಿನವರು ಕಂಡ ಬೆಳದಿಂಗಳು ನಮಗೆ ಪೂರ್ತಿ ಸಿಗುವುದಿಲ್ಲ.

ಕೊಳ್ಳುವ ಶಕ್ತಿಯಿಲ್ಲ, ನೋಡುವ ಆಸೆಯಿದೆ. ಎಲ್ಲಿ ಹೋಗಲಿ?

ಮಾಸ್ಕೋದ ತ್ರೆತ್ಯಕೋವ್ ಗ್ಯಾಲರಿ, ಪೀಟರ್ಸ್‌ಬರ್ಗ್‌ನ ರಷ್ಯನ್ ಸಂಗ್ರಹಾಲಯ. ತ್ರೆತ್ಯಕೋವ್ 1892ರಲ್ಲಿ ತನ್ನ ಇಡೀ ಸಂಗ್ರಹವನ್ನು ಊರಿಗೇ ದಾನ ಮಾಡಿದ್ದರಿಂದ ಇವತ್ತು ಯಾರು ಬೇಕಾದರೂ ಹೋಗಿ ಆ ಕಾಗೆಗಳ ಮುಂದೆ ನಿಲ್ಲಬಹುದು.

ಅಷ್ಟು ದೂರ ಹೋಗಲಾಗದಿದ್ದರೆ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ಬನ್ನಿ. ಕುಯಿಂಜಿಯ ಶಿಷ್ಯರಲ್ಲಿ ಒಬ್ಬ ನಿಕೊಲಾಯ್ ರೋರಿಕ್. ಹಿಮಾಲಯಕ್ಕೆ ಬಂದು ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರಲ್ಲಿ ಅಲ್ಲೇ ತೀರಿಕೊಂಡರು. ಭಾರತ ಸರ್ಕಾರ ಕಲಾ ಸಂಪತ್ತೆಂದು ಘೋಷಿಸಿ ಹೊರದೇಶಕ್ಕೆ ಹೋಗದಂತೆ ಕಾಪಾಡಿರುವುದು ರವಿವರ್ಮ, ರವೀಂದ್ರನಾಥ ಠಾಕೂರರೂ ಸೇರಿ ಒಂಬತ್ತು ಕಲಾವಿದರ ಕೃತಿಗಳನ್ನು. ಅವರಲ್ಲಿ ರೋರಿಕ್ ಒಬ್ಬರು. ಅವರ ಮಗ ಸ್ವೆತೊಸ್ಲಾವ್, ಪತ್ನಿ ದೇವಿಕಾರಾಣಿಯವರೊಂದಿಗೆ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದರು. ತಂದೆ ಮಗ ಇಬ್ಬರ ಚಿತ್ರಗಳೂ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ. ತಂದೆಯ ಹಿಮಾಲಯದ ಮುಂದೆ ನಿಂತು ನೋಡಿ: ಬೆಟ್ಟದ ಕೆಳಭಾಗ ಕಡುನೀಲಿಯಲ್ಲಿ ಮುಳುಗಿರುತ್ತದೆ, ತುದಿಗೆ ಮಾತ್ರ ಬೆಳಕು ತಾಗಿರುತ್ತದೆ. ಕತ್ತಲನ್ನು ಅಷ್ಟು ಗಾಢ ಮಾಡಿ ಬೆಳಕನ್ನು ಒಂದೇ ಕಡೆ ಹಚ್ಚುವುದನ್ನು ಅವರು ಕಲಿತದ್ದು ಪೀಟರ್ಸ್‌ಬರ್ಗ್‌ನಲ್ಲಿ, ದ್ನೀಪರ್ ನದಿಯ ಮೇಲೆ ಬೆಳದಿಂಗಳು ಬರೆದ ಆ ಗುರುವಿನಿಂದ.